ಶನಿವಾರದ ಮಿಠಾಯಿ, ಎಲೆಯ ಮೇಲಿನ ಪಾಯಸ

ಸ್ವೀಡನ್ನಿನ ಮಕ್ಕಳಿಗೆ ಮಿಠಾಯಿ ಸಿಗುವ ದಿನ ಶನಿವಾರ. ವಾರವೆಲ್ಲ ಬೇಡ, ಶನಿವಾರ ಬೇಕಾದಷ್ಟು ತಿನ್ನು ಅನ್ನುವುದು ಇಲ್ಲಿ ಎಷ್ಟೋ ಮನೆಗಳ ಕಟ್ಟಳೆ. ಇದಕ್ಕೆ ಲೋರ್ದಾಗ್ಸ್‌ಗೂಡಿಸ್ ಅನ್ನುತ್ತಾರೆ. ನಾನಿರುವ ಮಾಲ್ಮೊದಲ್ಲಿ ಆವತ್ತು ಯಾವ ದೊಡ್ಡ ಅಂಗಡಿಗೆ ಹೋದರೂ ಒಂದು ಗೋಡೆಯ ಮುಂದೆ ಮಕ್ಕಳ ಗುಂಪು. ಗೋಡೆ ತುಂಬ ಮುಚ್ಚಳದ ಡಬ್ಬಿಗಳು. ಹುಳಿಪುಡಿ ಸವರಿದ ಅಂಟುಮಿಠಾಯಿ, ಚಾಕಲೇಟು, ಉಪ್ಪುಪ್ಪಾದ ಕಪ್ಪು ಲಿಕೊರಿಸ್ ಅನ್ನುವ ಜ್ಯೇಷ್ಠಮಧುವಿನ ಮಿಠಾಯಿ (ಅದನ್ನು ಹೇಗೆ ತಿನ್ನುತ್ತಾರೋ ದೇವರಿಗೇ ಗೊತ್ತು). ಪುಟ್ಟ ಸೌಟಿನಲ್ಲಿ ಬಗೆಬಗೆಯದನ್ನು ತೋಡಿ ಒಂದೇ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಆಮೇಲೆ ತೂಕ, ದುಡ್ಡು.

ಊರಿಂದ ಬಂದ ಅಮ್ಮನಿಗೆ ಇದು ಹಿಡಿಸಲೇ ಇಲ್ಲ. ಧಾರವಾಡ ಪೇಡದ ಡಬ್ಬಿ ಮುಂದಿಟ್ಟುಕೊಂಡು, "ಮೊಮ್ಮಗಳ ಕೈಗೆ ಒಂದು ಪೇಡ ಕೊಡೋಕೂ ವಾರ ನೋಡ್ಬೇಕೇನೋ? ಶನಿವಾರ ಒಪ್ಪತ್ತು ಮಾಡೋದು ಕೇಳಿದ್ದೆ, ಹಲ್ಲಿಗೂ ವಾರ ಅಂತ ಇರತ್ತಾ?" ಅಂದರು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಸ್ವಲ್ಪ ಕಹಿ.

ನಮ್ಮ ಪಕ್ಕದ ಲುಂಡ್ ಊರಿನಲ್ಲಿ ವಿಪೆಹೋಲ್ಮ್ ಅಂತ ಒಂದು ಸಂಸ್ಥೆ ಇತ್ತು. ಬುದ್ಧಿಮಾಂದ್ಯ ಇದ್ದವರನ್ನು ಅಲ್ಲಿ ಇಡುತ್ತಿದ್ದರು. ಹಲ್ಲು ಹುಳುಕಾಗುವುದು ಯಾಕೆ ಅಂತ ಕಂಡುಹಿಡಿಯಲು ಸರ್ಕಾರವೇ 1945ರಲ್ಲಿ ಅಲ್ಲಿ ಪ್ರಯೋಗ ಶುರುಮಾಡಿಸಿತು. 1947ರಿಂದ ಸಕ್ಕರೆಯ ಸರದಿ. ಕೆಲವರಿಗೆ ಊಟದ ಜೊತೆಗೇ ಸಕ್ಕರೆ ಕೊಟ್ಟರು. ಕೆಲವರಿಗೆ ಹಲ್ಲಿಗೆ ಅಂಟಿಕೊಳ್ಳಲೆಂದೇ ಮಾಡಿಸಿದ ಟಾಫಿಯನ್ನು ಒಂದು ಊಟಕ್ಕೂ ಇನ್ನೊಂದು ಊಟಕ್ಕೂ ನಡುವೆ ಕೊಟ್ಟರು. ಒಂದು ಗುಂಪಿಗೆ ದಿನಕ್ಕೆ 24 ಟಾಫಿ. ಆ ಜನರನ್ನು ಯಾರೂ ಒಪ್ಪಿಗೆ ಕೇಳಲಿಲ್ಲ, ಕೇಳಿದ್ದರೂ ಹೇಳುವ ಸ್ಥಿತಿಯಲ್ಲಿ ಬಹಳಷ್ಟು ಜನ ಇರಲಿಲ್ಲ. ಎಷ್ಟೋ ಜನರ ಹಲ್ಲು ಹಾಳಾಗಿ ಹೋಯಿತು. ಮಿಠಾಯಿ ಉದ್ಯಮದ ದುಡ್ಡೂ ಇದರಲ್ಲಿ ಸೇರಿತ್ತು. ಇಲ್ಲಿನ ಶನಿವಾರದ ಖುಷಿಯ ಹಿಂದೆ ಇಂಥದ್ದೊಂದು ಅನ್ಯಾಯ ಇದೆ. ಅದನ್ನು ಬಿಟ್ಟು ಬರೀ ಶಿಸ್ತನ್ನು ಹೊಗಳುವುದು ನನ್ನಿಂದಾಗದು.

ಆದರೆ ಸಿಕ್ಕ ಉತ್ತರ ಗಟ್ಟಿಯಾಗಿತ್ತು. ಊಟದ ಜೊತೆ ಹೋದ ಸಕ್ಕರೆ ಹಲ್ಲಿಗೆ ಅಷ್ಟಾಗಿ ತೊಂದರೆ ಮಾಡಲಿಲ್ಲ. ನಡುನಡುವೆ ತಿಂದ ಅಂಟುಸಿಹಿ ಹಲ್ಲು ಕೊರೆಯಿತು. ಎಷ್ಟು ತಿಂದೆ ಅನ್ನುವುದಕ್ಕಿಂತ ಎಷ್ಟು ಸಲ ತಿಂದೆ, ಅದು ಬಾಯಲ್ಲಿ ಎಷ್ಟು ಹೊತ್ತು ಉಳಿಯಿತು ಅನ್ನುವುದೇ ಮುಖ್ಯ. ಹಲ್ಲಿನ ಮೇಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಕೆಲವೇ ನಿಮಿಷದಲ್ಲಿ ಆಮ್ಲ ಬಿಡುತ್ತವೆ. ಹಲ್ಲಿನ ಹೊರಪದರದಿಂದ ಕ್ಯಾಲ್ಸಿಯಂ ಕರಗತೊಡಗುತ್ತದೆ. ಜೊಲ್ಲು ಅದನ್ನು ಮತ್ತೆ ಸರಿಮಾಡಲು ಅರ್ಧ ಗಂಟೆಯೋ ಇನ್ನೂ ಸ್ವಲ್ಪ ಜಾಸ್ತಿಯೋ ಬೇಕು. ಅಷ್ಟರೊಳಗೆ ಇನ್ನೊಂದು ಬಿಸ್ಕತ್ತು ಬಾಯಿಗೆ ಬಿದ್ದರೆ ರಿಪೇರಿ ಕೆಲಸ ಅಲ್ಲಿಗೇ ನಿಂತಿತು. 1950ರ ದಶಕದ ಕೊನೆಗೆ ಇಲ್ಲಿನ ಅಧಿಕಾರಿಗಳು ವಾರಕ್ಕೊಮ್ಮೆ ತಿನ್ನಿ ಅಂತ ಹೇಳಲು ಶುರುಮಾಡಿದ್ದು ಈ ಲೆಕ್ಕದ ಮೇಲೇ. ಮಕ್ಕಳ ಹಲ್ಲಿನ ಚಿಕಿತ್ಸೆ ಇಲ್ಲಿ ಉಚಿತ. ಹಾಗಾಗಿ ಹುಳುಕು ಹಲ್ಲು ಸರ್ಕಾರದ ಜೇಬಿಗೂ ಭಾರ.

ಈಗ ನಮ್ಮ ಬಾಳೆಎಲೆ ನೋಡಿ. ಪಾಯಸ, ಒಬ್ಬಟ್ಟು, ಚಿರೋಟಿ ಎಲ್ಲ ಊಟದೊಳಗೇ ಬರುತ್ತವೆ. ಹಿಂದೆ ಮುಂದೆ ಸಾರು, ಪಲ್ಯ, ಕೋಸಂಬರಿ. ಕೊನೆಗೆ ಮಜ್ಜಿಗೆ ಅನ್ನ. ಎದ್ದ ಕೂಡಲೇ ಕೈ ತೊಳೆದು, ಗಳಗಳ ಅಂತ ಬಾಯಿ ಮುಕ್ಕಳಿಸುವುದು. ವಿಪೆಹೋಲ್ಮ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ ಅಲ್ವಾ? ನನ್ನ ಮಟ್ಟಿಗೆ ಶನಿವಾರದ ಚೀಲಕ್ಕಿಂತ ಎಲೆಯೂಟದ ಕ್ರಮವೇ ಮೇಲು. ಯಾಕೆಂದರೆ ಆ ಚೀಲ ಅರ್ಧ ಗಂಟೆಯಲ್ಲಿ ಮುಗಿದರೆ ಸರಿ. ಟಿವಿ ಮುಂದೆ ಕೂತು ಸಂಜೆಯಿಡೀ ಒಂದೊಂದೇ ಚಪ್ಪರಿಸಿದರೆ ಕಟ್ಟಳೆ ಹೆಸರಿಗಷ್ಟೇ. ಇನ್ನು ದೊಡ್ಡವರು ಮಕ್ಕಳಿಗೆ ಶನಿವಾರ ತೋರಿಸಿ, ತಾವು ದಿನಾ ಕಾಫಿ ಜೊತೆ ದಾಲ್ಚಿನ್ನಿ ಬನ್ನು ತಿನ್ನುತ್ತಾರೆ. ಅದಕ್ಕೆ ಫೀಕಾ ಅನ್ನುವ ಗೌರವದ ಹೆಸರು ಬೇರೆ.

ನಮ್ಮ ಕಷ್ಟ ಇರುವುದು ಎಲೆಯೂಟದಲ್ಲಲ್ಲ, ಎಲೆ ಎತ್ತಿದ ಮೇಲಿನದರಲ್ಲಿ. ದಿನಕ್ಕೆ ನಾಲ್ಕು ಸಲ ಸಕ್ಕರೆ ಚಹಾ. ಅದರಲ್ಲಿ ಅದ್ದಿದ ಬಿಸ್ಕತ್ತು ದವಡೆ ಹಲ್ಲಿನ ಗುಳಿಯಲ್ಲಿ ಹಿಟ್ಟಾಗಿ ಕೂರುತ್ತದೆ. ಅಳುವ ಮಗುವಿಗೆ ಚಾಕಲೇಟು, ಅಳದ ಮಗುವಿಗೆ ಜಾಣ ಅಂತ ಇನ್ನೊಂದು ಚಾಕಲೇಟು. ಬಸ್ಸಿನಲ್ಲಿ ಪಕ್ಕ ಕೂತವರೂ ಬ್ಯಾಗಿನಿಂದ ಒಂದು ತೆಗೆದು ಕೊಡುತ್ತಾರೆ. ಆ ಪ್ರೀತಿ ನನಗೆ ಇಲ್ಲಿ ಬಹಳ ನೆನಪಾಗುತ್ತದೆ, ಇಲ್ಲಿ ಕೇಳದೆ ಯಾರ ಮಗುವಿಗೂ ಯಾರೂ ಏನೂ ಕೊಡುವುದಿಲ್ಲ. ಆದರೂ ಹಲ್ಲಿನ ಮಟ್ಟಿಗೆ ಇಲ್ಲಿಯವರದೇ ಸರಿ.

ಬೆಲ್ಲ ಆದರೆ ಪರವಾಗಿಲ್ಲ ಅನ್ನುವ ಮಾತೂ ಒಂದಿದೆ. ಹಲ್ಲಿಗೆ ಅದೂ ಸಕ್ಕರೆಯೇ. ಚಿಕ್ಕಿ ಇರಲಿ, ಗೋಕಾಕದ ಕರದಂಟು ಇರಲಿ, ಹಲ್ಲಿನ ಸಂದಿಗೆ ಸಿಕ್ಕಿದರೆ ನಾಲಿಗೆಯಲ್ಲಿ ತಳ್ಳಿ ತಳ್ಳಿ ಸಾಕಾಗುತ್ತದೆ. ತುಪ್ಪದಲ್ಲಿ ಮುಳುಗಿದ ಮೈಸೂರು ಪಾಕ್ ಆ ಲೆಕ್ಕದಲ್ಲಿ ಎಷ್ಟೋ ವಾಸಿ, ಬಾಯಿಗಿಟ್ಟ ಕೂಡಲೇ ಕರಗಿ ಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಇಲ್ಲಿಯವರನ್ನು ನೋಡಿ ಕಲಿಯಲೇಬೇಕು. ರಾತ್ರಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹಲ್ಲುಜ್ಜುವುದು ಬೆಳಗಿನ ಕೆಲಸ. ರಾತ್ರಿ ಮಗುವಿಗೆ ಸಕ್ಕರೆ ಹಾಕಿದ ಹಾಲು ಕುಡಿಸಿ ಮಲಗಿಸುತ್ತಾರೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಸಕ್ಕರೆ ಬೆಳಗಿನ ತನಕ ಹಲ್ಲಿನ ಮೇಲೇ. ಇಲ್ಲಿ ಮಲಗುವ ಮುಂಚೆ ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಿ, ನೊರೆ ಉಗಿದು ಸುಮ್ನೆ ಮಲಗುತ್ತಾರೆ. ಚೊಂಬು ನೀರು ಹಾಕಿ ಮುಕ್ಕಳಿಸುವುದಿಲ್ಲ, ಫ್ಲೋರೈಡ್ ಹಲ್ಲಿನ ಮೇಲೆ ಸ್ವಲ್ಪ ಹೊತ್ತು ಉಳಿಯಲಿ ಅಂತ. ಅಮ್ಮನಿಗೆ ಇದು ಅಸಹ್ಯ. ಊಟದ ನಂತರ ಮುಕ್ಕಳಿಸು, ಪೇಸ್ಟಿನ ನಂತರ ಬೇಡ ಅಂದರೆ, "ನಿಮ್ಮದೆಲ್ಲ ಉಲ್ಟಾ" ಅನ್ನುತ್ತಾರೆ.

ಪೇಡದ ಬಗ್ಗೆ ರಾಜಿಯಾಗಿದೆ. ವಾರ ನೋಡುವುದಿಲ್ಲ, ಊಟದ ತಟ್ಟೆಯಲ್ಲೇ ಬಡಿಸುತ್ತಾರೆ. ನಾಲ್ಕು ಗಂಟೆಗೆ ಮೊಮ್ಮಗಳು ಅಡುಗೆಮನೆ ಕಡೆ ಹೋದಾಗ ಡಬ್ಬಿ ಮುಚ್ಚಳದ ಸದ್ದಾದರೆ ಮಾತ್ರ ನಾನು ಕೂತಲ್ಲಿಂದಲೇ ಕೂಗುತ್ತೇನೆ.