ಖಾಲಿ ನದಿಗೆ ಸೂಪರ್ ಅಣ್ಣ

ಕಾರವಾರದ ಕಡೆಯ ಒಂದು ಕಾಲೇಜಿಗೆ (ಹೆಸರು ಬೇಡ ಬಿಡಿ) ಕಿವಿ ಮಂದವಿರುವ ವಿದ್ಯಾರ್ಥಿಗಳಿಗೆಂದು ಕ್ಯಾಪ್ಷನ್ ಯಂತ್ರ ಬಂದಿದೆ. ಮೇಷ್ಟ್ರು ಆಡಿದ ಮಾತು ಆಡಿದ ಹಾಗೇ ಪರದೆ ಮೇಲೆ ಅಕ್ಷರವಾಗಬೇಕು. ಉದ್ಘಾಟನೆಗೆ ದೀಪ, ಶಾಲು, ನಾಲ್ಕು ಭಾಷಣ. ಭಾಷಣಕ್ಕೆ ಮಾತ್ರ ಕ್ಯಾಪ್ಷನ್ ಇರಲಿಲ್ಲ. ಯಂತ್ರದ ಟೇಪು ಇನ್ನೂ ಕತ್ತರಿಸಿರಲಿಲ್ಲವಲ್ಲ!

ಪರದೆ ಹಾಕಿದ್ದು ವಿದ್ಯಾರ್ಥಿಗಳ ಬೆನ್ನ ಹಿಂದಿನ ಗೋಡೆಗೆ. ಪ್ಲಗ್ ಪಾಯಿಂಟ್ ಇದ್ದದ್ದು ಅಲ್ಲೇ. ಹಾಗಾಗಿ ಓದುವ ಭಾಗ್ಯ ಮೇಷ್ಟ್ರೊಬ್ಬರದ್ದು. ಅರ್ಧ ತುಟಿ ನೋಡಿ, ಅರ್ಧ ಅಕ್ಷರ ನೋಡಿ ಪಾಠ ಹಿಡಿಯುವವರಿಗೆ ಎರಡೂ ಒಂದೇ ನೋಟಕ್ಕೆ ಸಿಗಬೇಕು, ಪರದೆ ಕರಿಹಲಗೆಯ ಪಕ್ಕವೇ ಇರಬೇಕು ಅಂತ ಎಲೆಕ್ಟ್ರಿಷಿಯನ್ನಿಗೆ ಯಾರು ಹೇಳಬೇಕಿತ್ತು?

ಕಾಲರ್ ಮೈಕು ಗಲ್ಲದಿಂದ ಒಂದು ಗೇಣು ಕೆಳಗಿರಬೇಕು. ಇಲ್ಲಿ ಅದು ಸ್ಟಾಕ್ ರಿಜಿಸ್ಟರಿಗೆ ಏರಿ, ಕಳೆದುಹೋದೀತೆಂದು ಬೀರು ಸೇರಿದೆ. ಅದರ ಬದಲಿಗೆ ಹಿಂದಿನ ಬೆಂಚಿನ ಮೇಲೊಂದು ಮೊಬೈಲು. ದೂರ ಇಮ್ಮಡಿಯಾದಾಗಲೆಲ್ಲ ದನಿ 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರಿನಿಂದ ಎಂಟು ಮೀಟರಿಗೆ ಹೋದರೆ, ಬಯಲಿನ ಲೆಕ್ಕದಲ್ಲಿ, 18 ಡೆಸಿಬಲ್ ಖೋತಾ. ಕೋಣೆಯೊಳಗೆ ಇಳಿತ ಸ್ವಲ್ಪ ಕಡಿಮೆಯೇ, ಆದರೆ ಆ ಉಳಿತಾಯವನ್ನು ಗೋಡೆಯ ಪ್ರತಿಧ್ವನಿ ನುಂಗಿಬಿಡುತ್ತದೆ. ನೆತ್ತಿಯ ಮೇಲಿನ ಫ್ಯಾನು, ಆಷಾಢದಲ್ಲಿ ತಗಡಿಗೆ ಬಡಿಯುವ ಮಳೆ ಇವ್ಯಾವುವೂ ಇಳಿಯುವುದಿಲ್ಲ. ಯಂತ್ರ ಪಾಪ, ಮಳೆಯನ್ನೇ ಶ್ರದ್ಧೆಯಿಂದ ಕೇಳಿಸಿಕೊಂಡು ಕೂತಿರುತ್ತದೆ.

ಭೂಗೋಳದ ಪಾಠ ನೋಡಿ. ಮೇಷ್ಟ್ರು ಹೇಳಿದ್ದು, 'ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದರು.' ಪರದೆ ಬರೆದದ್ದು, 'ಖಾಲಿ ನದಿಗೆ ಸೂಪರ್ ಅಣ್ಣ ಕಟ್ಟಿದರು.' ಮುಂದಿನ ಸಾಲು, 'ಕದ್ರಾದಲ್ಲಿ ವಿದ್ಯುತ್.' ಪರದೆ ಕೇಳಿತು, 'ಕದ್ರಾ? ಅಲ್ಲಿ ವಿದ್ಯುತ್?' ಆ ಪ್ರಶ್ನೆಯನ್ನು ಕಾಲರ್ ಮೈಕಿನ ಬೀರುವಿಗೆ ಕೇಳಿದ್ದರೆ ಸರಿಯಿತ್ತು.

ಮದ್ದು ಇಲ್ಲದ ರೋಗವಲ್ಲ ಇದು. ಪಾಠದಲ್ಲಿ ಬರುವ ಊರು, ನದಿ, ಪಾರಿಭಾಷಿಕ ಪದಗಳ ಪಟ್ಟಿಯನ್ನು ಮೊದಲೇ ತುಂಬಿಸಿಡುವ ಸೌಲಭ್ಯ ಹಲವು ತಂತ್ರಾಂಶಗಳಲ್ಲಿದೆ. ಒಂದು ತಾಸಿನ ಪಾಠಕ್ಕೆ ಮೂವತ್ತು ನಲವತ್ತು ಪದ ಸಾಕು. ಪಟ್ಟಿ ಮಾಡಲು ಸಮಿತಿಯಾಗಿದೆ, ಸಮಿತಿಗೆ ಕೋರಂ ಆಗಿಲ್ಲ. ಸೆಟ್ಟಿಂಗಿನಲ್ಲಿ ಭಾಷೆ ಬದಲಿಸುವ ಪಾಸ್‌ವರ್ಡ್ ವರ್ಗವಾಗಿ ಹೋದ ಗುಮಾಸ್ತರ ಬಳಿ ಇದೆ. ಹಿಂದಿನ ಬೆಂಚಿನವರು ಪ್ರಶ್ನೆ ಕೇಳಿದರೆ ಮೇಷ್ಟ್ರು ಅದನ್ನು ಮೈಕಿಗೆ ಮತ್ತೊಮ್ಮೆ ಹೇಳಬೇಕು, ಬೋರ್ಡಿಗೆ ಮುಖ ಮಾಡಿ ಮಾತಾಡಬಾರದು. ಇದಕ್ಕೆ ಖರ್ಚೇ ಇಲ್ಲ. ಖರ್ಚಿಲ್ಲದ್ದಕ್ಕೆ ಟೆಂಡರ್ ಕರೆಯುವುದು ಹೇಗೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ನಷ್ಟವಾದವರು ಮಂದಶ್ರವಣದವರು. ಕಚೇರಿಯ ಕಿವಿಯನ್ನು ಯಾರೂ ಇನ್ನೂ ಅಳೆದಿಲ್ಲ. ವಿದ್ಯಾರ್ಥಿಗಳು ಬರೆದುಕೊಟ್ಟ ದೂರಿಗೆ ಉತ್ತರವಂತೂ ಬಂದಿದೆ: 'ತಮ್ಮ ಅಹವಾಲನ್ನು ಖುದ್ದಾಗಿ ಆಲಿಸಲಾಗುವುದು. ವೆರಾಂಡದಲ್ಲಿ ಕಾಯತಕ್ಕದ್ದು. ಟೋಕನ್ ನಂಬರನ್ನು ಒಂದೇ ಸಲ ಕೂಗಲಾಗುವುದು.'