ಹೂವಿನ ಮಂಡಿಯ ಅತ್ತಿಗೆ, ವೆನಿಲ್ಲಾ ಸೆಂಟು

ವೆನಿಲ್ಲಾ ಸೆಂಟು ಹಾಕಿಕೊಳ್ಳುವ ಹೆಂಗಸಿನ ಬಗ್ಗೆ ನಮ್ಮ ಚಿಕ್ಕಬಳ್ಳಾಪುರದಲ್ಲಿ ಎರಡು ಮಾತು ಜಾಸ್ತಿ ಕೇಳಿಸುತ್ತವೆ. "ಐಸ್‌ಕ್ರೀಮ್ ವಾಸನೆ" ಅನ್ನುವುದು ಒಂದು. "ಶೋಕಿ ಜಾಸ್ತಿ" ಅನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಸೆಂಟು ನೋಡಿದರೆ ಆ ಮನುಷ್ಯರ ಸ್ವಭಾವ ಒಂದಿಷ್ಟು ಗೊತ್ತಾಗುತ್ತದೆ, ಅದು ನಿಜ. ಆದರೆ ವೆನಿಲ್ಲಾ ಹೇಳುವ ಸ್ವಭಾವ ಬೇರೆಯದೇ.

ನಮ್ಮ ದೊಡ್ಡ ಅತ್ತಿಗೆಯನ್ನೇ ತಗೊಳ್ಳಿ. ಐವತ್ತು ದಾಟಿದೆ. ಹೂವಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಬೆಳಕು ಹರಿಯುವ ಮೊದಲೇ ಸೇವಂತಿಗೆ ಮೂಟೆ, ಗುಲಾಬಿ, ಕನಕಾಂಬರ ಬಂದು ಬೀಳುತ್ತವೆ. ತೂಕ, ಹರಾಜು, ಕಮಿಷನ್, ಮುಂಗಡದ ಜಗಳ, ಎಲ್ಲ ಅವರ ಮೇಜಿನ ಮುಂದೆಯೇ. ಆ ಗಲಾಟೆಯಲ್ಲಿ ಅವರು ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಹಾಗಂತ ಲೆಕ್ಕದಲ್ಲಿ ಒಂದು ರೂಪಾಯಿ ಬಿಡುವವರೂ ಅಲ್ಲ. ಮನೆಗೆ ಬಂದು ಸ್ನಾನ ಮಾಡಿ, ಸಂಜೆ ಎಲ್ಲಿಗಾದರೂ ಹೊರಟರೆ ಕುತ್ತಿಗೆಗೆ ಒಂದು ಸಲ, ಮೊಣಕೈ ಒಳಮಡಿಕೆಗೆ ಒಂದು ಸಲ ಶಾಲಿಮಾರ್ ಅನ್ನುವ ವೆನಿಲ್ಲಾ ಸೆಂಟು ಹಾಕಿಕೊಳ್ಳುತ್ತಾರೆ. ಮಗ ಹೊರದೇಶದಿಂದ ತಂದುಕೊಟ್ಟ ಬಾಟಲಿ.

ಒಂದು ಮದುವೆಮನೆಯಲ್ಲಿ ನೆಂಟರೊಬ್ಬರು ಕೇಳಿಯೇಬಿಟ್ಟರು. "ಹೂವಿನ ಮಂಡಿಲೇ ಇರ್ತೀಯ, ಒಂದು ಮೊಳ ಮಲ್ಲಿಗೆ ಮುಡ್ಕೊಂಡ್ರೆ ಸಾಲ್ದಾ? ಈ ವಯಸ್ಸಲ್ಲಿ ಇದೆಲ್ಲ ಯಾಕಮ್ಮ?"

ಅತ್ತಿಗೆ ನಗುತ್ತಲೇ ಹೇಳಿದರು: "ಬೆಳಗ್ಗೆಯಿಂದ ಊರೋರ ಹೂವೇ ಮೂಗಿಗೆ ಬಡೀತಿರುತ್ತೆ ದೊಡ್ಡಮ್ಮ. ಇದೊಂದು ನಂದು."

ಶಾಲಿಮಾರ್ ಮಾದಕ ಅಲ್ಲ ಅಂತ ವಾದ ಮಾಡಿ ಅತ್ತಿಗೆಯನ್ನು ಕಾಪಾಡುವ ಉದ್ದೇಶ ನನಗಿಲ್ಲ. ಅದು ಮಾದಕವೇ. ಹಾಕಿದ ತಕ್ಷಣ ಬರ್ಗಮಾಟ್ ಅನ್ನುವ ನಿಂಬೆ ಜಾತಿ ಹಣ್ಣಿನ ಹುಳಿ ಮೂಗಿಗೆ ಹೊಡೆಯುತ್ತದೆ. ಅದು ಇಳಿದ ಮೇಲೆ ಹೂವು, ಆಮೇಲೆ ಹೊಗೆ, ಹದಮಾಡಿದ ತೊಗಲು, ಸಾಂಬ್ರಾಣಿ. ಎಲ್ಲದರ ಅಡಿಯಿಂದ ವೆನಿಲ್ಲಾ ನಿಧಾನಕ್ಕೆ ಮೇಲೆ ಬರುತ್ತದೆ. ಬರೀ ಸಿಹಿ ಆಗಿದ್ದರೆ ಐಸ್‌ಕ್ರೀಮ್ ಅನ್ನಬಹುದಿತ್ತು. ಆ ಹೊಗೆ, ಆ ತೊಗಲಿನ ವಾಸನೆ ಜೊತೆಗಿರುವುದರಿಂದ ಅದಕ್ಕೆ ಮೈಯ ಬಿಸಿ ಬಂದಿದೆ. ಪ್ಯಾರಿಸ್‌ನ ಜಾಕ್ ಗೆರ್ಲಾನ್ ಮಾಡಿದ ಈ ಸೆಂಟು ಮಾರುಕಟ್ಟೆಗೆ ಬಂದಿದ್ದು 1925ರಲ್ಲಿ. ಅವರ ಮನೆತನದ್ದೇ 1889ರ ಜಿಕಿ ಎಂಬ ಸೆಂಟಿಗೆ ಈಥೈಲ್ ವೆನಿಲಿನ್ ಸುರಿದು ನೋಡಿದಾಗ ಇದು ಹುಟ್ಟಿತು ಅನ್ನುತ್ತಾರೆ. ಈಥೈಲ್ ವೆನಿಲಿನ್ ವೆನಿಲ್ಲಾ ಕಾಯಿಯಲ್ಲಿ ಇರುವುದಿಲ್ಲ, ಪ್ರಯೋಗಶಾಲೆಯದ್ದು. ವೆನಿಲ್ಲಾಗೆ ಅದರ ವಾಸನೆ ಕೊಡುವ ಮಾಮೂಲಿ ವೆನಿಲಿನ್‌ಗಿಂತ ಸುಮಾರು ಮೂರು ಪಟ್ಟು ಜೋರು. ಹೆಸರು ಮಾತ್ರ ನಮ್ಮ ಕಡೆಯದು, ಮೊಘಲರ ಶಾಲಿಮಾರ್ ತೋಟದ್ದು.

ಮಾದಕ ಅಂದರೆ ತಪ್ಪು ಅನ್ನುವವರು ಮಲ್ಲಿಗೆಯನ್ನು ಏನು ಮಾಡುತ್ತಾರೆ? ಮಲ್ಲಿಗೆಯಲ್ಲಿ ಇಂಡೋಲ್ ಅನ್ನುವ ಅಂಶ ಇದೆ. ಬಿಡಿಯಾಗಿ, ಗಟ್ಟಿಯಾಗಿ ಮೂಸಿದರೆ ಕೊಳೆತ ವಾಸನೆ. ಹೂವಿನೊಳಗೆ ಚೂರೇ ಚೂರು ಇದ್ದಾಗ ಅದೇ ತಲೆ ತಿರುಗಿಸುತ್ತದೆ. ರಾತ್ರಿ ಬಸ್ಸಿನಲ್ಲಿ ಮುಂದಿನ ಸೀಟಿನವರು ಮುಡಿದ ಮಲ್ಲಿಗೆ ಹಿಂದಿನ ಸೀಟಿನವರೆಗೂ ಬರುತ್ತದೆ. ಅದನ್ನು ನಾವು ಮುತ್ತೈದೆತನ ಅನ್ನುತ್ತೇವೆ, ದೇವರಿಗೂ ಏರಿಸುತ್ತೇವೆ. ಏರಿಸಲಿ, ಸಂತೋಷ. ಅದೇ ಉದಾರತನ ಬಾಟಲಿಯ ಸೆಂಟಿಗೆ ಯಾಕಿಲ್ಲ? ಹೆಂಗಸು ತಾನಾಗಿ ಆರಿಸಿಕೊಂಡಳು ಅನ್ನುವುದೇ ಕಣ್ಣು ಕುಕ್ಕುತ್ತದೆ ಅನ್ನಿಸುತ್ತದೆ ನನಗೆ. ಗಂಡ ಸತ್ತ ಮೇಲೆ ಮಲ್ಲಿಗೆ ಬಿಡು ಅನ್ನುವ ಜನ ಇವತ್ತಿಗೂ ಇದ್ದಾರೆ. ಆ ಹೆಂಗಸರಿಗೆ ಈ ಬಾಟಲಿ ಎಷ್ಟು ದೊಡ್ಡ ವಿಷಯ ಅಂತ ಒಂದು ಕ್ಷಣ ಯೋಚನೆ ಮಾಡಿ.

ಇನ್ನು ವೆನಿಲ್ಲಾ ಹುಟ್ಟುವ ರೀತಿ. ಹೂವಿನ ಊರಿನವರಾದ ನಾವು ಇದನ್ನು ತಿಳಿದುಕೊಳ್ಳಲೇಬೇಕು. ನಮ್ಮ ಹೂವು ಬೆಳಗ್ಗೆ ಕಿತ್ತರೆ ಸಂಜೆಯೊಳಗೆ ಮಾರಬೇಕು. ವೆನಿಲ್ಲಾ ಹೂವು ಅರಳುವುದೂ ಒಂದೇ ದಿನ, ಆದರೆ ಪರಿಮಳ ಬರುವುದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಮೆಕ್ಸಿಕೋ ಕಡೆಯ ಬಳ್ಳಿ ಇದು, ಆರ್ಕಿಡ್ ಜಾತಿ. ಬೇರೆ ದೇಶಗಳಲ್ಲಿ ನೆಟ್ಟರೆ ಹೂ ಬಿಡುತ್ತಿತ್ತು, ಕಾಯಿ ಕಚ್ಚುತ್ತಿರಲಿಲ್ಲ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಅನ್ನುವ ಹನ್ನೆರಡು ವರ್ಷದ ಗುಲಾಮ ಹುಡುಗ ಒಂದು ಸಣ್ಣ ಕಡ್ಡಿ, ತನ್ನ ಹೆಬ್ಬೆರಳು ಇಷ್ಟರಲ್ಲೇ ಪರಾಗ ಮುಟ್ಟಿಸುವ ಉಪಾಯ ಕಂಡುಹಿಡಿದ. ಇವತ್ತಿಗೂ ತೋಟಗಳಲ್ಲಿ ಒಂದೊಂದು ಹೂವಿಗೂ ಕೈಯಲ್ಲೇ ಹಾಗೆ ಮಾಡುತ್ತಾರೆ. ಲೋಕವೆಲ್ಲ ಅವನ ಕೈಚಳಕದಿಂದ ದುಡ್ಡು ಮಾಡಿತು, ಅವನು ಬಡವನಾಗಿಯೇ ಸತ್ತ. ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಹಸಿರು ಕಾಯಿಗೆ ವಾಸನೆಯೇ ಇರುವುದಿಲ್ಲ. ಬಿಸಿನೀರಲ್ಲಿ ಅದ್ದಿ, ಬೆವರಿಸಿ, ಒಣಗಿಸಿ, ಕಪ್ಪಾಗಿಸಿದ ಮೇಲೆ ಪರಿಮಳ. ಇಪ್ಪತ್ತು ವರ್ಷದ ಹಿಂದೆ ಮಲೆನಾಡಿನಲ್ಲಿ ಬೆಲೆ ಏರಿತೆಂದು ಎಷ್ಟೋ ಜನ ವೆನಿಲ್ಲಾ ಹಾಕಿ, ಬೆಲೆ ಬಿದ್ದಾಗ ಕೈಸುಟ್ಟುಕೊಂಡರು. ಅದು ಬೇರೆಯೇ ಕಥೆ.

ಸೆಂಟಿನಲ್ಲೂ ವೆನಿಲ್ಲಾ ಆತುರ ಮಾಡುವುದಿಲ್ಲ. ಬೇಗ ಹಾರುವ ವಸ್ತು ಅಲ್ಲ ಅದು. ನಿಂಬೆಯಂಥವು ಹೋದ ಮೇಲೂ ಗಂಟೆಗಟ್ಟಲೆ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಹದವಾಗಿ ಹಾಕಿಕೊಂಡರೆ ಆ ಹೊತ್ತಿಗೆ ಪಕ್ಕ ಬಂದು ಕೂತವರಿಗಷ್ಟೇ ಗೊತ್ತಾಗುತ್ತದೆ. ಅತ್ತಿಗೆ ಇರುವುದೂ ಹಾಗೆಯೇ. ಬಾಗಿಲಲ್ಲಿ ನಿಂತವರಿಗೆ ಲೆಕ್ಕದ ಮನುಷ್ಯರು. ಹತ್ತಿರ ಬಿಟ್ಟುಕೊಂಡವರಿಗೆ ಮಾತ್ರ ಆ ಬಿಸಿ, ಆ ನಗು, ತಮ್ಮ ಮೈ ಬಗ್ಗೆ ಒಂಚೂರೂ ನಾಚಿಕೆ ಇಲ್ಲದ ಆ ನೆಮ್ಮದಿ. ಗಮನ ಸೆಳೆಯುವ ಆಸೆ ಇದ್ದಿದ್ದರೆ ಇದಕ್ಕಿಂತ ಜೋರಾದ ಸೆಂಟು ಬೇಕಾದಷ್ಟು ಸಿಗುತ್ತಿತ್ತು, ಅಲ್ವಾ?

ಕೊಳ್ಳುವ ಆಸೆ ಇದ್ದವರಿಗೆ ನನಗೆ ತಿಳಿದದ್ದು ಹೇಳುತ್ತೇನೆ. ಅಂಗಡಿಯವರು ಕೊಡುವ ಕಾಗದದ ಪಟ್ಟಿ ಮೂಸಿ ದುಡ್ಡು ಕೊಡಬೇಡಿ. ಮಣಿಕಟ್ಟಿಗೆ ಹಾಕಿಕೊಂಡು ಎರಡು ಗಂಟೆ ಸುಮ್ನೆ ಓಡಾಡಿ ಬನ್ನಿ, ವೆನಿಲ್ಲಾ ಮುಖ ತೋರಿಸುವುದು ಆಮೇಲೆ. ನಮ್ಮ ಒಣಹವೆಗೆ ಚರ್ಮ ಬೇಗ ಒಣಗುತ್ತದೆ, ಮೊದಲು ಚೂರು ಕೊಬ್ಬರಿ ಎಣ್ಣೆ ಸವರಿಕೊಂಡರೆ ಜಾಸ್ತಿ ಹೊತ್ತು ನಿಲ್ಲುತ್ತದೆ. ಏಪ್ರಿಲ್ ಬಿಸಿಲಲ್ಲಿ ಹಗಲು ಬೇಡ, ಉಸಿರು ಕಟ್ಟುತ್ತದೆ. ನಂದಿ ಬೆಟ್ಟದ ಕಡೆಯಿಂದ ಮಂಜು ಇಳಿಯುವ ಡಿಸೆಂಬರ್, ಜನವರಿ ಇದಕ್ಕೆ ಹೇಳಿ ಮಾಡಿಸಿದ ಕಾಲ. ಬಿಳಿ ಸೀರೆ, ಬಿಳಿ ಅಂಗಿ ಮೇಲೆ ಮಾತ್ರ ಹಾಕಬೇಡಿ. ವೆನಿಲಿನ್ ಇರುವ ಸೆಂಟು ದಿನ ಕಳೆದಂತೆ ಕಂದು ತಿರುಗುತ್ತದೆ, ಕಲೆ ಬಿದ್ದರೆ ಹೋಗುವುದು ಕಷ್ಟ.