ಮೊದಲು ಕಲ್ಚರ್, ಆಮೇಲೆ ಮಾತ್ರೆ

ಆರು ತಿಂಗಳಲ್ಲಿ ಎರಡು ಸಲ, ಇಲ್ಲವೇ ವರ್ಷದಲ್ಲಿ ಮೂರು ಸಲ ಉರಿಮೂತ್ರದ ಸೋಂಕು ಬಂದರೆ 'ಉಷ್ಣ ಆಗಿದೆ' ಅಂತ ಸುಮ್ನೆ ಇರೋ ಹಾಗಿಲ್ಲ. ಡಾಕ್ಟರ ಲೆಕ್ಕದಲ್ಲಿ ಅದು ಮರುಕಳಿಸುವ ಸೋಂಕು. ಆದರೆ ಅಷ್ಟು ಸಲ ನರಳಿದರೂ ಒಮ್ಮೆಯೂ ಯೂರಿನ್ ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸದ ಹೆಂಗಸರು ನಮ್ಮ ಕಡೆ ಬೇಕಾದಷ್ಟು ಇದ್ದಾರೆ. ಶಿವಮೊಗ್ಗದ ಲ್ಯಾಬೊಂದರಲ್ಲಿ ಕೂತು ದಿನಾ ಇದನ್ನೇ ನೋಡುವ ನನಗೆ ಸಿಟ್ಟು ಬರುತ್ತದೆ.

ಉರಿ ಶುರುವಾದ ದಿನ ಬಾರ್ಲಿ ನೀರು, ಎಳನೀರು. ಕುಡಿಯಲಿ, ತಪ್ಪೇನಿಲ್ಲ. ಮರುದಿನ ಮೆಡಿಕಲ್‌ಗೆ ಹೋಗಿ 'ಹೋದ ಸಲ ಕೊಟ್ಟಿದ್ರಲ್ಲ, ಅದೇ ಕೊಡಿ'. ನಾಲ್ಕು ಮಾತ್ರೆಗೆ ಉರಿ ನಿಂತರೆ ಉಳಿದದ್ದು ಫ್ರಿಜ್ ಮೇಲಿನ ಡಬ್ಬಿಗೆ. ಮುಂದಿನ ಸಲಕ್ಕೆ ಆ ಡಬ್ಬಿಯೇ ಡಾಕ್ಟರು! ಯಾವುದಕ್ಕೂ ಬಗ್ಗದೇ ಇದ್ದಾಗ ನಮ್ಮಲ್ಲಿಗೆ ಬರುತ್ತಾರೆ. ಅಷ್ಟೊತ್ತಿಗೆ ಮೈಯಲ್ಲಿ ಆಂಟಿಬಯಾಟಿಕ್ ಇರುವುದರಿಂದ ಕಲ್ಚರ್‌ನಲ್ಲಿ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ.

ಹೆಚ್ಚಿನ ಸಲ ಸಿಗುವುದು ಇ. ಕೋಲಿ, ನಮ್ಮ ಕರುಳಿನಲ್ಲೇ ಇರುವ ಬ್ಯಾಕ್ಟೀರಿಯಾ. ಅದನ್ನು ಪ್ಲೇಟಿನ ತುಂಬ ಹರಡಿ, ಮೇಲೆ ಬೇರೆ ಬೇರೆ ಔಷಧಿಯ ಪುಟ್ಟ ಬಿಲ್ಲೆ ಇಡುತ್ತೇವೆ. ಮರುದಿನ ಬಿಲ್ಲೆಯ ಸುತ್ತ ಅಗಲವಾಗಿ ಖಾಲಿ ಬಿಟ್ಟಿದ್ದರೆ ಆ ಔಷಧಿ ನಾಟುತ್ತದೆ. ಅಂಚಿನವರೆಗೂ ಹುಲುಸಾಗಿ ಬೆಳೆದಿದ್ದರೆ ಆ ಮಾತ್ರೆ ದಂಡ. ರಿಪೋರ್ಟಿಗೆ ಎರಡು ಮೂರು ದಿನ ಬೇಕು, ಅಲ್ಲಿವರೆಗೆ ಉರಿ ತಡೆದುಕೊಂಡು ಕೂರಬೇಕಿಲ್ಲ. ಸ್ಯಾಂಪಲ್ ಕೊಟ್ಟ ಮೇಲೆ ಡಾಕ್ಟರು ಮಾತ್ರೆ ಶುರು ಮಾಡಿ, ಆಮೇಲೆ ಬೇಕಿದ್ದರೆ ಬದಲಿಸುತ್ತಾರೆ.

ಇನ್ನು ಸ್ಯಾಂಪಲ್ ಕತೆ. ಹೊಸನಗರದ ಕಡೆಯಿಂದ ಬಸ್ಸಿನ ಎಂಜಿನ್ ಮೇಲೆ ಕೂತು ಬಂದ ಬಾಟಲಿ ಮುಟ್ಟಿದರೆ ಬೆಚ್ಚಗಿರುತ್ತದೆ. ದಾರಿಯಲ್ಲೇ ಬ್ಯಾಕ್ಟೀರಿಯಾ ಸಂಸಾರ ಬೆಳೆಸಿರುತ್ತದೆ. ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು, ಇಲ್ಲವೇ ತಣ್ಣಗಿಟ್ಟು ತರಬೇಕು. ಲ್ಯಾಬಿಗೇ ಬಂದು ಕೊಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ಮೊದಲು ಬರುವುದನ್ನು ಬಿಟ್ಟು ನಡುವಿನದ್ದನ್ನು ಹಿಡಿಯಿರಿ. ಉಪ್ಪಿನಕಾಯಿ ಬಾಟಲಿ ಎಷ್ಟು ತೊಳೆದಿದ್ದರೂ ಬೇಡ.

ಉರಿ ಇಲ್ಲ, ಏನಿಲ್ಲ, ಯಾವುದೋ ಚೆಕಪ್‌ನಲ್ಲಿ ಬ್ಯಾಕ್ಟೀರಿಯಾ ಕಂಡಿತು ಅಂತ ಮಾತ್ರೆ ನುಂಗುವವರೂ ಇದ್ದಾರೆ. ಗರ್ಭಿಣಿಯರಿಗೆ, ಮೂತ್ರನಾಳದ ಕೆಲವು ಆಪರೇಷನ್‌ಗೆ ಮುಂಚೆ ಬಿಟ್ಟರೆ ಸಾಮಾನ್ಯವಾಗಿ ಅದಕ್ಕೆ ಚಿಕಿತ್ಸೆ ಬೇಕಿಲ್ಲ.

ನೀರಿನ ವಿಷಯ. ಕಡಿಮೆ ನೀರು ಕುಡಿಯುವ, ಪದೇ ಪದೇ ಸೋಂಕಾಗುವ ಹೆಂಗಸರಿಗೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿಸಿ ನೋಡಿದ ಅಧ್ಯಯನವೊಂದು 2018ರಲ್ಲಿ ಬಂತು. ಸೋಂಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ನಮ್ಮ ಮಳೆಗಾಲದಲ್ಲಿ ಬಾಯಾರಿಕೆಯೇ ಆಗಲ್ಲ, ಕಾಫಿಯಲ್ಲೇ ದಿನ ಹೋಗುತ್ತದೆ. ಅಡಿಕೆ ಸುಲಿಯುವ ದಿನಗಳಲ್ಲಿ ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿಯವರೆಗೂ ಏಳುವುದಿಲ್ಲ. ಏಳಬೇಕಾಗುತ್ತದೆ ಅಂತಲೇ ನೀರು ಕುಡಿಯದವರಿದ್ದಾರೆ. ಇಷ್ಟು ಡಬ್ಬಿ ಅಡಿಕೆ ಅಂತ ಲೆಕ್ಕ ಹಾಕಿ ಸುಲಿಸುವ ಯಜಮಾನರು ಇದನ್ನು ಓದಿದರೆ ಒಳ್ಳೆಯದಿತ್ತು.

ಮುಟ್ಟು ನಿಂತವರಿಗೆ ಯೋನಿಯ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಬಹಳ ಜನರಿಗೆ ಉಪಯೋಗವಾಗುತ್ತದೆ. 'ಈ ವಯಸ್ಸಿಗೆ ಅದೆಲ್ಲ ಯಾಕೆ ಮಾರಾಯ್ತಿ' ಅಂತ ಟ್ಯೂಬನ್ನು ಬೀರುವಿನಲ್ಲಿಟ್ಟ ದೊಡ್ಡಮ್ಮಂದಿರನ್ನು ನೋಡಿದ್ದೇನೆ. ನಾಚಿಕೆ ಬಿಟ್ಟು ಡಾಕ್ಟರ ಹತ್ತಿರ ಕೇಳಿ. ಶುಗರ್ ಪರೀಕ್ಷೆ ಮಾಡಿಸಿ. ಕಲ್ಲಿದೆಯಾ, ಮೂತ್ರ ಪೂರ್ತಿ ಖಾಲಿಯಾಗುತ್ತಿದೆಯಾ ಅಂತ ನೋಡಲು ಸ್ಕ್ಯಾನ್ ಬೇಕಾ ಅನ್ನುವುದು ಅವರಿಗೆ ಬಿಟ್ಟಿದ್ದು.

ಚಳಿಜ್ವರ, ಪಕ್ಕೆ ನೋವು, ವಾಂತಿ ಇದ್ದರೆ ಅಥವಾ ಬಸುರಿಯಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೊರಡಿ. ಹಳೆಯ ಕಲ್ಚರ್ ರಿಪೋರ್ಟುಗಳಿದ್ದರೆ ಜೊತೆಗೆ ತಗೊಂಡು ಹೋಗಿ.